ಪಾಪಮ್ಮನ ಚಪ್ಪರದ ಹೊರೆಗಲ್ಲು

ಈ ಸಂಗತಿಯನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಹೇಳಲು ಹೊರಟಿದ್ದಕ್ಕೆ ಓದುವವರು ಮನ್ನಿಸಬೇಕು. ಇದು ನನ್ನ ಮನೆಯ ಸಂಗತಿಯಲ್ಲ. ಆ ಮನೆಯವರು ಇನ್ನೂ ಇದ್ದಾರೆ, ಅವರಲ್ಲಿ ಯಾರೂ ನನ್ನನ್ನು ಬರೆ ಎಂದು ಕೇಳಿಲ್ಲ. ನಾನು ಓದಿದ್ದೂ ಅಷ್ಟಕ್ಕಷ್ಟೆ. ಸೇಲಂನ ಮಗ್ಗದವರ ಬೀದಿಯಲ್ಲಿ, ಸಂಜೆ ಮಗ್ಗ ನಿಂತ ಮೇಲೆ ಒಬ್ಬ ಮೇಷ್ಟ್ರು ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಕನ್ನಡ, ತಮಿಳು ಎರಡೂ ಕಲಿಸುತ್ತಿದ್ದರು. ಮೂರು ವರ್ಷ ಅಲ್ಲಿಗೆ ಹೋದೆ, ಅದೇ ನನ್ನ ವಿದ್ಯೆ. ಆ ವಿದ್ಯೆಯಿಂದ ನಾನು ಒಮ್ಮೆ ಒಂದು ಹೆಸರನ್ನು ಬರೆಯಲಿಲ್ಲ, ಇನ್ನೊಮ್ಮೆ ಒಂದು ಹೆಸರನ್ನು ಬರೆದೆ. ಎರಡೂ ಒಂದೇ ಕಲ್ಲಿನ ಮೇಲೆ. ಆ ಕಲ್ಲಿನ ವಿಷಯ ಹೇಳಿಬಿಡುತ್ತೇನೆ.

ಆಗ ಮೆಟ್ಟೂರಿನ ಅಣೆಕಟ್ಟೆ ಮುಗಿಯುತ್ತ ಬಂದಿತ್ತು. ನಾನು ಸೇಲಂನ ಒಬ್ಬ ನೂಲಿನ ಸಾಹುಕಾರರ ಬಳಿ ಕೆಲಸಕ್ಕಿದ್ದೆ. ವಾರಕ್ಕೆ ಎರಡು ಸಲ ನೂಲಿನ ಗಂಟು ಹೊತ್ತು ಧರ್ಮಪುರಿ ಕಡೆಯ ಮಗ್ಗದವರಿಗೆ ಮುಟ್ಟಿಸಿ, ನೆಯ್ದ ಬಟ್ಟೆ ತರಬೇಕು. ಬಸ್ಸು ಸಿಕ್ಕಷ್ಟು ದೂರ ಬಸ್ಸು, ಸಿಗದ ಕಡೆ ತಲೆಯ ಮೇಲೆ. ತೊಪ್ಪೂರಿನ ಕಣಿವೆ ಹತ್ತಿ ನಲ್ಲಂಪಳ್ಳಿಯ ಕಡೆಗೆ ನಡೆದರೆ ದಾರಿಯ ಎಡಕ್ಕೆ ಒಂದು ದೊಡ್ಡ ಹುಣಸೆಮರ ಇತ್ತು. ಅದರ ಪಕ್ಕದಲ್ಲಿ ಪಾಪಮ್ಮನ ಅಂಗಡಿ. ಅಂಗಡಿ ಅಂದರೆ ಆರು ಕಂಬದ ಮೇಲೆ ಗರಿಯ ಚಪ್ಪರ, ಎರಡು ಒಲೆ, ಒಂದು ರಾಗಿ ಅಂಬಲಿಯ ಗಡಿಗೆ, ಒಂದು ಮಜ್ಜಿಗೆಯ ಗಡಿಗೆ, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ. ಹಿಂದೆ ಅವರ ಗುಡಿಸಲು.

ಪಾಪಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಗಂಡ ಸತ್ತ ಮೇಲೆ ಕುರಿ ಮಾರಿ ಅಂಗಡಿ ಇಟ್ಟವಳು. ಮಗ ಮಾದಯ್ಯ ಅಣೆಕಟ್ಟೆಯ ಕೆಲಸಕ್ಕೆ ಹೋಗಿ ತಿಂಗಳಿಗೊಮ್ಮೆ ಬರುತ್ತಿದ್ದ. ಹೊರೆ ಹೊರುವ ಮುತ್ತುಸ್ವಾಮಿಗೆ ಒಮ್ಮೆ ಕಾಲು ಬಾತು ನಡೆಯಲಾಗದೆ ಹೋದಾಗ, ಪಾಪಮ್ಮ ಅವನನ್ನು ಹನ್ನೊಂದು ದಿನ ಚಪ್ಪರದಲ್ಲಿ ಮಲಗಿಸಿಕೊಂಡು, ಹರಳೆಲೆ ಕಟ್ಟಿ, ಅಂಬಲಿ ಕುಡಿಸಿದಳು. ಆಮೇಲೆ ಗಾಳಿಗೆ ಚಪ್ಪರ ಹಾರಿಹೋದಾಗ ಅದೇ ಮುತ್ತುಸ್ವಾಮಿ ಎಂಟು ಜನರನ್ನು ಕರೆತಂದು ಒಂದೇ ದಿನದಲ್ಲಿ ಗರಿ ಹೊದಿಸಿದ. ಅಮಾವಾಸ್ಯೆಯ ದಿನ ಮಗ್ಗ ನಿಲ್ಲುತ್ತಿತ್ತು, ನನಗೂ ರಜ. ಬೀದಿಯಲ್ಲಿ ನನಗೆ ಯಾರೂ ಇರಲಿಲ್ಲವಾದ್ದರಿಂದ ಹಿಂದಿನ ದಿನವೇ ಬಂದು ಚಪ್ಪರದಲ್ಲಿ ಉಳಿಯುತ್ತಿದ್ದೆ. ಹಳೆಯ ಪತ್ರಿಕೆ ಓದಿ ಹೇಳುತ್ತಿದ್ದೆ. ಒಬ್ಬರಿಗೊಬ್ಬರು ನಂಟರಲ್ಲದ ಹತ್ತು ಹದಿನೈದು ಜನ ಅಲ್ಲಿ ಒಂದು ಮನೆಯವರಂತೆ ಆಗಿದ್ದೆವು. ನನ್ನ ಜೀವನದಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅಲ್ಲಿಯೇ. ಈಗ ಆ ಮಾತು ಬರೆಯಲು ಕೈ ಹಿಂಜರಿಯುತ್ತದೆ.

ತಲೆಯ ಮೇಲೆ ಹೊರೆ ಹೊತ್ತು ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಹೊತ್ತು ನಡೆಯುವುದು ಕಷ್ಟವಲ್ಲ, ಇಳಿಸುವುದು ಕಷ್ಟ. ಒಬ್ಬನೇ ಇಳಿಸಲು ಹೋದರೆ ಕತ್ತು ಉಳುಕುತ್ತದೆ, ಮತ್ತೆ ಎತ್ತಿಕೊಳ್ಳಲು ಆಗುವುದಿಲ್ಲ. ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಹೊರೆಗಲ್ಲು ಇರುವುದು. ನಮ್ಮ ಕಡೆ ತಮಿಳಿನಲ್ಲಿ ಸುಮೆತಾಂಗಿ ಅನ್ನುತ್ತಾರೆ. ಎರಡು ಕಲ್ಲು ನಿಲ್ಲಿಸಿ, ಮೇಲೆ ಒಂದು ಚಪ್ಪಡಿ, ಎದೆಯೆತ್ತರ. ಹೋಗುವವನು ಸ್ವಲ್ಪ ಬಾಗಿ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಂಡು, ಮತ್ತೆ ಅಲ್ಲಿಂದಲೇ ತಲೆಗೆ ತೆಗೆದುಕೊಂಡು ಹೋಗುತ್ತಾನೆ. ಯಾರ ಹಂಗೂ ಬೇಡ.

ಪಾಪಮ್ಮನ ಅಂಗಡಿಯಲ್ಲಿ ಹೊರೆಗಲ್ಲು ಇರಲಿಲ್ಲ. ಅಲ್ಲಿ ಅವಳ ಸೊಸೆ ಚೆಲ್ಲಮ್ಮ ಇದ್ದಳು.

ಚೆಲ್ಲಮ್ಮ ಅದಿಯಮಾನ್‌ಕೋಟೆಯ ಕಡೆಯ ಕುರಿಯವರ ಮಗಳು. ಎತ್ತರದ ಹುಡುಗಿ, ಇಪ್ಪತ್ತು ದಾಟಿರಲಿಲ್ಲ. ದಾರಿಯಲ್ಲಿ ಹೊರೆ ಕಂಡರೆ ಒಲೆಯ ಮುಂದಿನಿಂದ ಎದ್ದು ಬಂದು ಎರಡು ಕೈ ಚಾಚುತ್ತಿದ್ದಳು. "ಬುಡಣ್ಣಯ್ಯ, ಇಡ್ಕಂಡಿವ್ನಿ." ಹೊರೆ ಅವಳ ಮೊಣಕೈಗೆ ಬಂದು, ಅಲ್ಲಿಂದ ತೊಡೆಗೆ ಬಂದು, ನೆಲಕ್ಕೆ ಇಳಿಯುತ್ತಿತ್ತು. ಕುಡಿದಾದ ಮೇಲೆ ಮತ್ತೆ ಅವಳೇ ಎತ್ತಿ ತಲೆಗೆ ಕೊಡಬೇಕು. ದಿನಕ್ಕೆ ನಲವತ್ತು ಐವತ್ತು ಹೊರೆ. ಬೇರೆ ಕಡೆ ಕಲ್ಲಿದ್ದರೂ ಜನ ಪಾಪಮ್ಮನ ಅಂಗಡಿಗೇ ಬರುತ್ತಿದ್ದುದು ಅಂಬಲಿಗಾಗಿ ಎಂದು ಪಾಪಮ್ಮ ತಿಳಿದಿದ್ದಳು. ಅಂಬಲಿ ಎಲ್ಲ ಕಡೆಯೂ ಒಂದೇ. ಚೆಲ್ಲಮ್ಮನ ಮಾತು ಮಾತ್ರ ಅಲ್ಲಿಯೇ ಇತ್ತು.

"ಏನ್ ಮುತ್ತುಮಾವ, ಗಂಟಲ್ಲಿ ಉಪ್ಪಾ, ಎಂಡ್ತಿ ಬೈಗುಳಾನಾ? ಇಷ್ಟು ಬಾರ ಐತಲ್ಲ."

"ಎಂಡ್ತಿ ಬೈಗುಳ ಅಗುರ ಕಣವ್ವ. ಇದು ಬೆಲ್ಲ."

"ಬೆಲ್ಲ ಒತ್ಕಂಡೂ ಮೋರೆ ಯಾಕಂಗೆ ಉಳಿ ಉಳಿ?"

ಅವಳು ಬಸುರಿಯಾದಳು. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಅವಳೇ ಪಾಪಮ್ಮನಿಗೆ ಎಲ್ಲರೆದುರು ಹೇಳಿದಳು. "ಅತ್ತೆ, ಒಂದು ಸುಮೆತಾಂಗಿ ಆಕಿಸ್ಬುಡು. ನಂಗೆ ಸೊಂಟ ಬೀಳ್ತೈತೆ." ಕೇಳಿದವರಿಗೆಲ್ಲ ಸರಿಯೆನಿಸಿತು. ಕಲ್ಲು ಕಡಿಯುವ ಕುಪ್ಪಸ್ವಾಮಿ ನಮ್ಮ ಕೂಟದವನೇ. ಅಣೆಕಟ್ಟೆಗೆ ಕಲ್ಲು ಕಡಿಯುವ ಕೆಲಸ ಮುಗಿದು ಊರಿಗೆ ಬಂದಿದ್ದ. ಹದಿನೈದು ದಿನದೊಳಗೆ ಅವನು ಮೂರು ಒಳ್ಳೆಯ ಕಲ್ಲು ಗಾಡಿಯಲ್ಲಿ ತಂದು ಇಳಿಸಿದ. ಅಮಾವಾಸ್ಯೆಯ ದಿನ ನಾವೆಲ್ಲ ಸೇರಿ ಗುಂಡಿ ತೋಡಿದೆವು, ಕಲ್ಲು ನಿಲ್ಲಿಸಿದೆವು, ಹಗ್ಗ ಕಟ್ಟಿ ಚಪ್ಪಡಿ ಏರಿಸಿದೆವು. ಪಾಪಮ್ಮ ಪಾಯಸ ಮಾಡಿದಳು. ಚೆಲ್ಲಮ್ಮ ಕಲ್ಲಿಗೆ ಅರಿಶಿನ ಹಚ್ಚಿ, "ಇನ್ಮೇಲೆ ನೀನೇ ಇಡ್ಕಳವ್ವ" ಎಂದು ಅದಕ್ಕೆ ಕೈಮುಗಿದಳು.

ಮೊದಲ ಹೊರೆ ಇಡಲು ಮುತ್ತುಸ್ವಾಮಿ ಬಂದ. ಬಾಗಿದವನು ಹಾಗೆಯೇ ನಿಂತ.

"ಯಾರೆಸ್ರು ಇದು?"

ಅವನು ಹಾಗೆ ಕೇಳಿದ್ದೇಕೆಂದು ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕಾದೀತು. ನಮ್ಮ ಕಡೆ ಹೊರೆಗಲ್ಲು ಹಾಕಿಸುವುದು ಬಸುರಿಯಾಗಿಯೇ ಸತ್ತ ಹೆಣ್ಣಿನ ಹೆಸರಿನಲ್ಲಿ. ಹೊಟ್ಟೆಯ ಹೊರೆಯನ್ನು ಇಳಿಸದೆ ಹೋದವಳು ಅವಳು. ದಾರಿಹೋಕರು ಆ ಕಲ್ಲಿನ ಮೇಲೆ ತಮ್ಮ ಹೊರೆ ಇಳಿಸಿದಾಗಲೆಲ್ಲ ಅವಳದೂ ಅಷ್ಟಷ್ಟು ಇಳಿಯುತ್ತದೆ ಎಂದು ನಂಬಿಕೆ.

ಪಾಪಮ್ಮ ಕುಪ್ಪಸ್ವಾಮಿಯ ಕಡೆ ನೋಡಿದಳು. "ಕಲ್ಲು ನೀನ್ ತಂದೆ. ನಿಮ್ಮನೇಲಿ ಯಾರೋ ಓಗಿರ್ಬೇಕು, ಅವಳೆಸ್ರಿಗೆ ಕೊಡ್ತಾವ್ನೆ ಅಂದ್ಕಂಡೆ."

"ಅಯ್ಯೋ, ನೀವ್ ಕಲ್ ಕೇಳಿದ್ರಿ, ತಂದೆ! ನಿಮ್ಮನೇದು ಅಂದ್ಕಂಡೆ ಪಾಪಕ್ಕ. ಎಸ್ರು ಗೀಚ್ಕೊಡ್ತಾರೆ, ಕೆತ್ತಾನ ಅಂತ ಉಳೀನೂ ತಂದಿವ್ನಿ."

ಹೀಗೆ ಪ್ರತಿಯೊಬ್ಬರೂ ಇನ್ನೊಬ್ಬರ ಮನೆಯಲ್ಲಿ ಒಬ್ಬಳು ಸತ್ತಿದ್ದಾಳೆಂದು ತಿಳಿದು, ಕೇಳಿದರೆ ನೋವಾದೀತೆಂದು ಕೇಳದೆ, ಸತ್ತವಳೇ ಇಲ್ಲದ ಕಲ್ಲನ್ನು ನಿಲ್ಲಿಸಿದ್ದೆವು. ನಾನೂ ಕೇಳಿರಲಿಲ್ಲ.

ಅಂಬಲಿ ಕುಡಿಯುತ್ತ ಕೂತಿದ್ದ ಪೆದ್ದಮ್ಮ, ಸುತ್ತಿನ ಹಳ್ಳಿಗಳ ಸೂಲಗಿತ್ತಿ, ಬಾಯಿ ಒರೆಸಿಕೊಂಡು ಹೇಳಿದಳು. "ನಿಂತ ಕಲ್ಲು ಕೀಳ್ಬಾರ್ದು. ಕೆಳ್ಗೆ ಒಬ್ಳಿಲ್ದೆ ಬಾರಾನೂ ಇಡ್ಬಾರ್ದು. ಬೇಕಾದೋಳ್ನ ಅದೇ ನೋಡ್ಕಳ್ತೈತೆ."

ಅವಳು ಯಾರನ್ನೂ ನೋಡಿ ಹೇಳಲಿಲ್ಲ. ನಾವು ನೋಡಿದೆವು. ಚೆಲ್ಲಮ್ಮ ಅರಿಶಿನದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಎಲ್ಲರ ಕಣ್ಣು ತನ್ನ ಹೊಟ್ಟೆಯ ಮೇಲಿದ್ದುದನ್ನು ಕಂಡು, "ಏನ್ರಣ್ಣ, ಪಾಯ್ಸ ಸಾಲ್ಲಿಲ್ವಾ?" ಎಂದಳು. ಆಮೇಲೆ ಮುತ್ತುಸ್ವಾಮಿಯ ಹೊರೆಗೆ ಕೈ ಚಾಚಿದಳು. "ಬುಡು ಮಾವ, ಇಡ್ಕಂಡಿವ್ನಿ."

ಆ ಸಂಜೆ ಬಿಸಿಲು ಇಳಿಯುವ ಮೊದಲು, ಬೇರೆಯವರು ಹೋದ ಮೇಲೆ, ಪಾಪಮ್ಮ ನನ್ನನ್ನೂ ಕುಪ್ಪಸ್ವಾಮಿಯನ್ನೂ ಕರೆದಳು. ನನ್ನನ್ನು ಅಲ್ಲಿ ಎಲ್ಲರೂ ನೂಲಣ್ಣ ಅನ್ನುತ್ತಿದ್ದರು.

"ನೂಲಣ್ಣ, ಒಂದೆಸ್ರು ಗೀಚು. ಕುಪ್ಪ ಕೆತ್ಲಿ. ನಮ್ ದೊಡ್ಡಮ್ಮನ ಮಗ್ಳು, ದೂರ್ದೂರಲ್ಲಿ ಇದ್ಲು, ಅಲ್ಲೇ ಬಸ್ರಿಯಾಗೇ ಸತ್ಲು ಅಂತೀನಿ. ಯಾರ್ ಓಗಿ ಕೇಳ್ತಾರೆ?"

"ಅಂಥೋಳು ಇದ್ಲಾ ಪಾಪಕ್ಕ?"

"ಇದ್ರೆ ನಿನ್ನ್ಯಾಕ್ ಕರೀತಿದ್ದೆ?"

ನಾನು ಆಗುವುದಿಲ್ಲ ಅಂದೆ. ನನ್ನ ಮೇಷ್ಟ್ರು ಮೊದಲ ದಿನ ಸ್ಲೇಟು ಕೊಡುವಾಗ, ಇಲ್ಲದ್ದನ್ನು ಬರೆಯುವುದಿಲ್ಲ ಎಂದು ನಮ್ಮಿಂದ ಮಾತು ತೆಗೆದುಕೊಂಡಿದ್ದರು. ಅದನ್ನು ಪಾಪಮ್ಮನಿಗೆ ಹೇಳಿದೆ. ಹುಟ್ಟದೇ ಇದ್ದವಳನ್ನು ಕಲ್ಲಿನ ಮೇಲೆ ಸಾಯಿಸುವುದು ಹೇಗೆ ಎಂದೆ. ಒಳಗೆ ಇನ್ನೊಂದು ಕಾರಣವೂ ಇತ್ತು. ಆ ಚಪ್ಪರದಲ್ಲಿ ನನ್ನೊಬ್ಬನಿಂದ ಮಾತ್ರ ಆಗುವ ಕೆಲಸ ಅದೊಂದೇ ಆಗಿತ್ತು. ಮಾಡುವುದಿಲ್ಲ ಎಂದು ಹೇಳುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯಾಯಿತು. ಪೆದ್ದಮ್ಮನ ಮಾತಿನ ಭಯವೂ ಇತ್ತು. ಯಾವುದು ಎಷ್ಟು ಎಂದು ಈಗ ಅಳೆಯಲಾರೆ.

ಮರುದಿನ ಬೆಳಿಗ್ಗೆ ಗಂಟು ಎತ್ತಿಕೊಡುವಾಗ ಚೆಲ್ಲಮ್ಮನೂ ಕೇಳಿದಳು.

"ಅಣ್ಣಯ್ಯ, ಏನೋ ಒಂದ್ ಬರ್ದ್ಬುಡು. ಜನಕ್ಕೆ ಓದಕ್ ಬರಾಕಿಲ್ಲ, ಗೀಟು ಕಂಡ್ರೆ ಸಾಕು, ಒರೆ ಇಡ್ತಾರೆ."

"ಸುಳ್ಳು ಬರೆಯಬಾರದಮ್ಮ."

"ಸುಳ್ಳಿಂದ ಯಾರ್ಗ್ ನೋವು? ಇಲ್ದೋಳಿಗಾ?" ಅವಳು ನಗುತ್ತಲೇ ಕೇಳಿದಳು. ಗಂಟನ್ನು ನನ್ನ ತಲೆಗೆ ಕೊಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ನಿಂತಳು. "ಓಗ್ಲಿ ಬುಡು. ನಿಂಗೆ ಕಷ್ಟ ಆಗೋದಾದ್ರೆ ಬ್ಯಾಡ."

ಅವಳ ಕೈಯಿಂದಲೇ ಗಂಟು ತಲೆಗೆ ಏರಿಸಿಕೊಂಡು, ಸುಳ್ಳು ಬರೆಯಲಿಲ್ಲವೆಂಬ ಸಮಾಧಾನದಲ್ಲಿ ನಡೆದುಹೋದೆ.

ಕಲ್ಲು ಬೋಳಾಗಿ ನಿಂತಿತು. ಅಂಗಡಿಯ ಮುಂದೆಯೇ ಇದ್ದುದರಿಂದ ಕಲ್ಲು ಕಂಡು ಮೊದಲಿಗಿಂತ ಹೆಚ್ಚು ಜನ ಬರತೊಡಗಿದರು. ಹತ್ತಿರ ಬಂದು, ಹೆಸರಿಲ್ಲ ಎಂದು ಕೇಳಿ ತಿಳಿದು, ಹೊರೆ ಇಡದೆ ಚೆಲ್ಲಮ್ಮನನ್ನು ಕರೆಯುತ್ತಿದ್ದರು. "ಅವ್ವಾ, ಒಸಿ ಕೈ ಕೊಡು." ಕಲ್ಲಿಲ್ಲದಾಗ ನಲವತ್ತು ಹೊರೆ ಇಳಿಸುತ್ತಿದ್ದವಳು ಕಲ್ಲು ಬಂದ ಮೇಲೆ ಅರವತ್ತು ಇಳಿಸತೊಡಗಿದಳು.

ಜನರಿಗೆ ಅದು ತಮಾಷೆಯ ವಿಷಯವೂ ಆಯಿತು. ಹೊಸಬನೊಬ್ಬ ಯಾಕೆ ಹೆಸರು ಕೆತ್ತಿಲ್ಲ ಎಂದು ಕೇಳಿದರೆ ಮುತ್ತುಸ್ವಾಮಿ ಗಂಭೀರವಾಗಿ, "ಎಸ್ರು ಬತ್ತಾ ಐತೆ, ಇನ್ನೆಲ್ಡು ತಿಂಗ್ಳು ತಾಳಪ್ಪ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ಚೆಲ್ಲಮ್ಮನೂ ನಗುತ್ತಿದ್ದಳು. "ನೀನ್ ಬಸ್ರಿ ಆಗು ಮಾವ, ನಿನ್ನೆಸ್ರು ಆಕಿಸ್ತೀನಿ" ಎನ್ನುತ್ತಿದ್ದಳು. ಅದಕ್ಕೆ ಇನ್ನೂ ಜೋರು ನಗೆ. ಅವಳು ನಗುತ್ತಿದ್ದಳಲ್ಲ, ಹಾಗಾದರೆ ಅದರಲ್ಲಿ ಕೆಟ್ಟದ್ದಿಲ್ಲ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಏಳನೆಯ ತಿಂಗಳಲ್ಲಿ ಅವಳ ಅಪ್ಪ ಸಿದ್ದಪ್ಪ ಗಾಡಿ ಕಟ್ಟಿಕೊಂಡು ಬಂದ. ಮೆತ್ತನೆಯ ಮನುಷ್ಯ, ಹೆಗಲಿಗೆ ಕಂಬಳಿ, ಮಾತಾಡುವಾಗ ನೆಲ ನೋಡುವವನು. ಮಗಳಿಗೆ ಹೊಸ ಸೀರೆ, ಒಂದು ಗಡಿಗೆ ತುಪ್ಪ ತಂದಿದ್ದ. ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಎರಡು ಕಂಬಳಿ ಹರವಿದ್ದ.

"ಕರ್ಕಂಡೋಯ್ತೀನಿ ಬೀಗ್ತೀರೇ. ಒಂಬತ್ರವರ್ಗೂ ಮಲ್ಕಂಡಿರ್ಲಿ."

"ಕಳ್ಸ್ತೀನಿ ಬೀಗ್ರೇ, ಕಳ್ಸ್ದೆ ಏನು? ಆಡಿ ತಿಂಗ್ಳ ಅದಿನೆಂಟ್ರ ಅಬ್ಬ ಕಳೀಲಿ. ಈ ವರ್ಸ ಊರೆಲ್ಲಾ ಮೆಟ್ಟೂರ್ಗೆ ನೀರ್ ನೋಡಕ್ ಬತ್ತೈತೆ. ನಾನೊಬ್ಳೇ ಏನ್ ಮಾಡ್ಲಿ?"

"ಆಡಿಗೆ ಎಂಟಾಯ್ತೈತಲ್ಲ. ಎಂಟ್ರಲ್ಲಿ ಗಾಡಿ ಅತ್ತುಸ್ಬಾರ್ದು ಅಂತಾರೆ."

"ಅಬ್ಬದ್ ಮಾರ್ನೇ ದಿನ ಕಳ್ಸ್ತೀನಿ. ಮೆತ್ಗೆ ಓಡಿಸ್ಕಂಡೋಗಿ."

ಸಿದ್ದಪ್ಪ ಹೊರಗೆ ಬಂದವನು ಕಲ್ಲನ್ನು ನೋಡಿದ. ಸುತ್ತ ಒಂದು ಸಲ ನಡೆದ. ಕೈಯಿಂದ ಮುಟ್ಟಲು ಹೋಗಿ ಮುಟ್ಟಲಿಲ್ಲ. "ಇದ್ಯಾರ್ದು?" ಎಂದ. ಯಾರೋ, ಯಾರದ್ದೂ ಅಲ್ಲ ಅಂದರು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು, ಮತ್ತೆ ಒಳಗೆ ಹೋಗಿ, ಅಷ್ಟು ಹೊತ್ತು ನೆಲ ನೋಡುತ್ತಿದ್ದವನು ಪಾಪಮ್ಮನ ಮುಖ ನೋಡಿ ಹೇಳಿದ. "ಇವತ್ತೇ ಕರ್ಕಂಡೋಯ್ತೀನಿ."

ಆಗ ಅವನನ್ನು ಒಪ್ಪಿಸಿದವರು ನಾವು. ಪಾಪಮ್ಮ ಒಬ್ಬಳೇ ಆಗಿದ್ದರೆ ಅವನು ಕರೆದುಕೊಂಡು ಹೋಗುತ್ತಿದ್ದನೇನೋ. ಚೆಲ್ಲಕ್ಕ ಇಲ್ಲದಿದ್ದರೆ ಹಬ್ಬವೇ ಇಲ್ಲ ಅಂದ ಒಬ್ಬ. ನಮ್ಮ ತಂಗಿಯಂತೆ ನೋಡಿಕೊಳ್ಳುತ್ತೇವೆ ಅಂದ ಮುತ್ತುಸ್ವಾಮಿ, ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ. ನಾನೂ, "ಇನ್ನು ಇಪ್ಪತ್ತು ದಿನ ತಾನೆ ಸಿದ್ದಪ್ಪಣ್ಣ, ನಾವೆಲ್ಲ ಇದ್ದೇವೆ" ಅಂದೆ. ಓದಿದವರು ಹೇಳುತ್ತಿದ್ದಾರೆ ಎಂದು ಅವನು ನನ್ನ ಮಾತಿಗೆ ತಲೆಯಾಡಿಸಿದ. ಚೆಲ್ಲಮ್ಮ ಗಾಡಿಯ ಹತ್ತಿರ ಹೋಗಿ ಹುಲ್ಲಿನ ಮೇಲಿನ ಕಂಬಳಿಯನ್ನು ಕೈಯಿಂದ ಒತ್ತಿ ನೋಡಿದಳು. "ಎಷ್ಟು ಮೆತ್ಗೈತಪ್ಪ" ಅಂದಳು. ಅಷ್ಟರಲ್ಲಿ ದಾರಿಯಲ್ಲಿ ಯಾರೋ ಕರೆದರು, ಓಡಿದಳು. ಸಿದ್ದಪ್ಪ ಬರಿಯ ಗಾಡಿ ಹೊಡೆದುಕೊಂಡು ಹೋದ.

ಆಡಿ ಹದಿನೆಂಟು, ಕಾವೇರಿಯ ಹೊಸ ನೀರಿನ ಹಬ್ಬ, ಬಂತು. ಮೂರು ದಿನ ಮಗ್ಗಕ್ಕೆ ರಜ. ನಾನು ಹಿಂದಿನ ದಿನವೇ ಬಂದೆ, ದಣಿವಾರಿಸಿಕೊಳ್ಳಲು. ಬೆಳಗಾಗುವ ಮೊದಲೇ ದಾರಿ ತುಂಬಿತ್ತು. ಕಾವೇರಿಯಲ್ಲಿ ಮಿಂದು, ಹೊಸ ಅಣೆಕಟ್ಟೆ ನೋಡಿ ಬರಲು ಹೊರಟ ಗುಂಪುಗಳು. ಗಾಡಿಗಳು, ಅಡುಗೆಯ ಪಾತ್ರೆ ಹೊತ್ತ ಹೆಂಗಸರು, ಅಲ್ಲಿ ಮಾರಲು ಬಳೆ, ಬೆಲ್ಲ, ಪುರಿ ಹೊತ್ತ ಗಂಡಸರು. ಪಾಪಮ್ಮ ಮೂರನೆಯ ಒಲೆ ಹಾಕಿದ್ದಳು. ನಾನು ಬೆಳಿಗ್ಗೆ ನೀರು ಸೇದಿ ಹಾಕಿದೆ, ಸೌದೆ ಒಡೆದೆ. ಎಲ್ಲರೂ ಒಂದಲ್ಲ ಒಂದು ಕೆಲಸ ಮಾಡುತ್ತ, ಹಾಡುತ್ತ, ಬೈಯುತ್ತ ಇದ್ದರು. ಹೇಳಬಾರದು, ಆದರೂ ಹೇಳುತ್ತೇನೆ: ಅಷ್ಟು ಸಂತೋಷವಾದ ಬೆಳಗು ನನಗೆ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ನೆತ್ತಿಯ ಮೇಲೆ ಬಿಸಿಲು ಬಂದಾಗ ಉಂಡು, ಹುಣಸೆಮರದ ಹಿಂಭಾಗದಲ್ಲಿ, ಗುಡಿಸಲಿಗೂ ಮರಕ್ಕೂ ನಡುವೆ ಚಾಪೆ ಹಾಕಿದೆ. ಚೆಲ್ಲಮ್ಮ ಪಾತ್ರೆಯ ಬುಟ್ಟಿಯೊಂದನ್ನು ಇಳಿಸಿಕೊಟ್ಟು, ಕಲ್ಲಿಗೆ ಎರಡು ಅಂಗೈ ಊರಿ ತಲೆ ತಗ್ಗಿಸಿ ನಿಂತಿದ್ದಳು.

"ಲೇ ಚೆಲ್ಲಕ್ಕ, ಕಲ್ ಮುಟ್ಬ್ಯಾಡ, ನಿನ್ನೇ ನೋಡ್ತಾ ಐತೆ!" ಚಪ್ಪರದಿಂದ ಮುತ್ತುಸ್ವಾಮಿ ಕೂಗಿದ. ಜನ ನಕ್ಕರು.

ಈ ಸಲ ಅವಳು ತಿರುಗಿ ಏನೂ ಹೇಳಲಿಲ್ಲ. ನನ್ನ ಹತ್ತಿರ ಬಂದಳು. ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

"ಅಣ್ಣಯ್ಯ, ಒಂದ್ ಗಳ್ಗೆ ನೀನ್ ಇಳ್ಸ್ತೀಯಾ? ಒಳ್ಗೆ ಓಗಿ ಒಸಿ ಕುಂತ್ಕಂಡ್ ಬತ್ತೀನಿ."

ನಾನು ಆಗಲೇ ಮಲಗಿದ್ದೆ. ಬೆನ್ನು ಚಾಪೆಗೆ ತಾಗಿದ ಸುಖ ಮೈಯೆಲ್ಲ ಹರಿದಿತ್ತು. "ಒಂದೇ ಗಳಿಗೆ ಕಣ್ಣು ಮುಚ್ಚಿ ಏಳ್ತೀನಮ್ಮ, ಆಮೇಲೆ ನೀನು ಹೋಗು" ಅಂದೆ.

"ಸರಿ, ಮಲ್ಕೋ. ನಿಂಗೂ ಅಬ್ಬ ತಾನೆ."

ಮುಖದ ಮೇಲೆ ಟವಲು ಹಾಕಿಕೊಂಡೆ. ಮಲಗಿದ್ದೊಂದೇ ಗೊತ್ತು.

ಎಚ್ಚರವಾದಾಗ ನೆರಳು ನನ್ನನ್ನು ಬಿಟ್ಟು ಬಹಳ ದೂರ ಹೋಗಿತ್ತು. ಯಾರೋ ಒಂದೇ ಸಮ ಕರೆಯುತ್ತಿದ್ದರು. ಎದ್ದು ನೋಡಿದರೆ ದಾರಿಯಲ್ಲಿ ಒಬ್ಬ ಮುದುಕ ಬಳೆಯ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಕಲ್ಲಿನ ಪಕ್ಕದಲ್ಲೇ ನಿಂತಿದ್ದ. "ಯಾರವ್ವ ಇದೀರ? ಒಸಿ ಇಳುಸ್ರವ್ವ." ಪಾಪಮ್ಮ ಒಲೆಯ ಮುಂದಿನಿಂದ, "ಚೆಲ್ಲೀ! ಎಲ್ಲೋಗ್ ಸತ್ಯೇ?" ಎಂದು ಕೂಗಿದಳು. ನಾನು ಓಡಿಹೋಗಿ ಪೆಟ್ಟಿಗೆ ಇಳಿಸಿದೆ. ಇಳಿಸುವಾಗ ನನ್ನ ತೋಳು ನಡುಗಿತು. ಅಷ್ಟು ಭಾರವಿತ್ತು.

ಗುಡಿಸಲಿನ ಹಿಂದೆ ಸೌದೆಯ ಮೆದೆಯ ಪಕ್ಕದಲ್ಲಿ ಅವಳನ್ನು ಮೊದಲು ಕಂಡವಳು ನೀರಿಗೆ ಹೋದ ಯಾರೋ ದಾರಿಯ ಹೆಂಗಸು. ಅವಳು ಕಿರುಚಿದಳು. ಹೆಂಗಸರು ಓಡಿ ಸುತ್ತ ಸೀರೆ ಹಿಡಿದರು. ನಾನು ನೋಡಿದ್ದು ಕಾಲುಗಳನ್ನು ಮಾತ್ರ, ಮಣ್ಣು ನೆನೆದಿತ್ತು. ಪೆದ್ದಮ್ಮನಿಗೆ ಹೇಳಿಕಳಿಸಿದರು. ಅವಳೂ ಜಾತ್ರೆಯಂತಿದ್ದ ಆ ಜನದಲ್ಲಿ ಎಲ್ಲೋ ಇದ್ದಳು, ಹುಡುಕಿ ತರಲು ಬಹಳ ಹೊತ್ತಾಯಿತು. ಅಂಗಡಿಯ ಮುಂದೆ ಒಂಬತ್ತು ಗಾಡಿ ನಿಂತಿದ್ದವು. ಧರ್ಮಪುರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ಕುಪ್ಪಸ್ವಾಮಿ ಅಂದ. ಎತ್ತು ಬಿಚ್ಚಿಬಿಟ್ಟಿದ್ದೇನೆ, ನೀರಿಗೆ ಹೋಗಿವೆ ಅಂದ ಒಬ್ಬ. ಹೆಂಗಸರು ಮಕ್ಕಳು ತುಂಬಿದ್ದಾರೆ, ಅವರನ್ನು ಎಲ್ಲಿ ಇಳಿಸಲಿ ಅಂದ ಇನ್ನೊಬ್ಬ. ಪೆದ್ದಮ್ಮ ಬಂದವಳು, ಕದಲಿಸಬೇಡಿ ಅಂದಳು. ಕದಲಿಸಬೇಡಿ ಅಂದದ್ದು ಎಲ್ಲರಿಗೂ ಹಗುರವಾಯಿತು.

ದಾರಿಯಲ್ಲಿ ಜನ ಬರುವುದು ನಿಲ್ಲಲಿಲ್ಲ. ಅವರಿಗೆ ಏನು ಗೊತ್ತು? ಪಾಪಮ್ಮ ಸೀರೆಯ ಮರೆಯೊಳಗೆ ಹೋಗುತ್ತಿದ್ದಳು, ಕೈ ತೊಳೆದುಕೊಂಡು ಬಂದು ಅಂಬಲಿ ಹುಯ್ಯುತ್ತಿದ್ದಳು, ಮತ್ತೆ ಹೋಗುತ್ತಿದ್ದಳು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು, ಕೇಳಿಸುತ್ತಿರಲಿಲ್ಲ. ನಾನು ಹೊರೆ ಇಳಿಸುತ್ತಿದ್ದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ಹೊರೆ ಇಳಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಇಪ್ಪತ್ತು ಆಗುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ನಾನು ಗಂಡಸು, ಬಸುರಿಯಲ್ಲ.

ಹಿಂದಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗ ಪೆದ್ದಮ್ಮ ಎದ್ದು ಬಂದು, ಕೈ ತೊಳೆಯಲು ನೀರು ಕೇಳಿದಳು. ಮಗುವೂ ಹೊರಗೆ ಬಂದಿರಲಿಲ್ಲ.

ಮುತ್ತುಸ್ವಾಮಿ ಅಷ್ಟು ಹೊತ್ತಿಗೆ ತೊಪ್ಪೂರಿಗೆ ಹೋಗಿ ಒಂದು ಅಕ್ಕಿಯ ಮೂಟೆ ಹೊತ್ತು ತರುತ್ತಿದ್ದ, ಅಂಗಡಿಗೇ. ದಾರಿಯಲ್ಲಿ ಯಾರೋ ಹೇಳಿದ್ದರು. ಅಳುತ್ತಲೇ ಬಂದ. ಕೈ ಮೂಟೆಯ ಮೇಲಿದ್ದುದರಿಂದ ಕಣ್ಣೀರು ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಬಂದವನು ಅಭ್ಯಾಸದಿಂದ ಸುತ್ತ ನೋಡಿದ. ಕೈ ಚಾಚುವವರು ಯಾರೂ ಇರಲಿಲ್ಲ. ನಾನು ಅವನ ಕಡೆ ನಡೆಯುವಷ್ಟರಲ್ಲಿ ಅವನು ಬಾಗಿ, ಮೂಟೆಯನ್ನು ಕಲ್ಲಿನ ಮೇಲೆ ಜಾರಿಸಿದ. ಆಮೇಲೆ ಅದಕ್ಕೆ ಹಣೆ ಇಟ್ಟು ಅತ್ತ. ಅವಳನ್ನು ಇನ್ನೂ ಎತ್ತಿರಲಿಲ್ಲ. ಅದೇ ಮೊದಲ ಹೊರೆ. ಅವನ ಹಿಂದೆ ಬಂದವನು ಯಾರನ್ನೂ ಕೇಳದೆ ತನ್ನದನ್ನೂ ಇಟ್ಟ.

ಮಾದಯ್ಯ ಮೆಟ್ಟೂರಿನಿಂದ ಮರುದಿನ ಬಂದ. ಅದೇ ದಿನ, ಮಾತು ಕೊಟ್ಟಿದ್ದ ಪ್ರಕಾರ, ಹುಲ್ಲು ಹಾಸಿದ ಗಾಡಿ ಹೊಡೆದುಕೊಂಡು ಸಿದ್ದಪ್ಪನೂ ಬಂದ. ಅವನಿಗೆ ಯಾರೂ ಹೇಳಿಕಳಿಸಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಕಳಿಸಿರುತ್ತಾರೆ ಎಂದುಕೊಂಡಿದ್ದೆವು.

ಹನ್ನೊಂದು ದಿನ ಕಳೆದ ಮೇಲೆ ಪಾಪಮ್ಮ ನನ್ನನ್ನು ಕರೆದಳು. ಕುಪ್ಪಸ್ವಾಮಿ ಉಳಿ ಹಿಡಿದು ಕೂತಿದ್ದ. "ಈಗ ಬರೀಬೋದಲ್ಲ? ಈಗ ಸುಳ್ಳಲ್ವಲ್ಲ?" ಅಂದಳು. ಅವಳು ಚುಚ್ಚಲು ಹೇಳಿದಳೋ, ನಿಜವಾಗಿ ಕೇಳಿದಳೋ ಅವಳ ಮುಖದಲ್ಲಿ ಕಾಣಲಿಲ್ಲ. ನಾನು ಸುಣ್ಣದ ಕಡ್ಡಿಯಿಂದ ಒಂದು ಕಡೆ ತಮಿಳಿನಲ್ಲಿ, ಒಂದು ಕಡೆ ಕನ್ನಡದಲ್ಲಿ ಬರೆದೆ: ಮಾದಯ್ಯನ ಹೆಂಡತಿ ಚೆಲ್ಲಮ್ಮ, ಆಡಿ ಹದಿನೆಂಟು. ಅಕ್ಷರ ದುಂಡಗೆ ಬಂದವು. ಯಾರೋ ಚೆನ್ನಾಗಿದೆ ಅಂದರು.

ಅಂಗಡಿ ಆಮೇಲೆ ಚೆನ್ನಾಗಿ ನಡೆಯಿತು. ದಾರಿಯಲ್ಲಿ ಜನ ಅದನ್ನು ಚೆಲ್ಲಮ್ಮನ ಕಲ್ಲು ಎಂದೇ ಕರೆಯುತ್ತಾರೆ. ಯಾರ ಕೈಯೂ ಬೇಕಿಲ್ಲ. ಹೊರೆ ಇಟ್ಟು, ಕಲ್ಲನ್ನು ಒಮ್ಮೆ ತಟ್ಟಿ, "ಪುಣ್ಯಾತ್ಗಿತ್ತಿ" ಎಂದು ಅಂಬಲಿಗೆ ಕೂರುತ್ತಾರೆ. ಮುತ್ತುಸ್ವಾಮಿ ಹೊಸಬರಿಗೆ, ನನ್ನ ತಂಗಿಯಂತಿದ್ದಳು ಎಂದು ಹೇಳಿ ಕಣ್ಣು ಒರೆಸಿಕೊಳ್ಳುತ್ತಾನೆ. ಎರಡು ತಿಂಗಳು ತಾಳಪ್ಪ ಎಂದು ತಾನು ಅಂದದ್ದು ಅವನಿಗೆ ನೆನಪಿಲ್ಲ. ನಾನು ನೆನಪಿಸಿಲ್ಲ. ನನ್ನ ಗಂಟನ್ನೂ ಅಲ್ಲಿಯೇ ಇಡುತ್ತೇನೆ. ಇಡದೆ ಮುಂದೆ ಹೋಗಿ ನೋಡಿದೆ ಒಂದು ಸಲ, ಕತ್ತು ತಡೆಯಲಿಲ್ಲ.

ಸಿದ್ದಪ್ಪ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಹೋದರೆ ಆಚೆ ಬದಿಯಿಂದ ಹೋಗುತ್ತಾನೆ. ಒಮ್ಮೆ ಮಾತ್ರ ಈಚೆ ಬಂದು, ನಾನಿದ್ದುದನ್ನು ನೋಡಿ, ಏನು ಬರೆದಿದೆ ಓದು ಅಂದ. ಓದಿದೆ.

"ಅಪ್ಪನೆಸ್ರು ಐತಾ?"

"ಇಲ್ಲಣ್ಣ. ಜಾಗ ಸಾಲಲಿಲ್ಲ."

ಅವನು ತಲೆಯಾಡಿಸಿ ಕುರಿಗಳ ಹಿಂದೆ ಹೋದ. ಜಾಗ ಇತ್ತು. ನನಗೆ ಹೊಳೆದಿರಲಿಲ್ಲ, ಅಷ್ಟೆ. ಇಲ್ಲದ್ದನ್ನು ಬರೆಯುವುದಿಲ್ಲ ಎಂದವನು ಅಂದು ಬಾಯಲ್ಲಿ ಸುಳ್ಳು ಹೇಳಿದೆ.

ನನಗೆ ಗೊತ್ತಿಲ್ಲದ್ದನ್ನೂ ಹೇಳಿ ಮುಗಿಸುತ್ತೇನೆ. ನಾನು ಯಾವುದೋ ಒಂದು ಹೆಸರು ಬರೆದಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಅವಳು ಸೌದೆಯ ಮೆದೆಯ ಹಿಂದೆ ಎಷ್ಟು ಹೊತ್ತು ಬಿದ್ದಿದ್ದಳೋ ಗೊತ್ತಿಲ್ಲ. ಅಲ್ಲಿಂದ ನನ್ನ ಚಾಪೆಗೆ ಹತ್ತು ಮಾರು. ಕೂಗಿದಳೋ ಇಲ್ಲವೋ, ಚಪ್ಪರದಲ್ಲಿದ್ದವರನ್ನೆಲ್ಲ ಕೇಳಿದೆ, ಗದ್ದಲದಲ್ಲಿ ಯಾರಿಗೂ ಕೇಳಿಸಿಲ್ಲ. ಇನ್ನೊಂದು ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ. ಮುಖದ ಮೇಲೆ ಹಾಕಿಕೊಂಡಿದ್ದ ಟವಲು ನಾನು ಎದ್ದಾಗ ಮುಖದ ಮೇಲಿರಲಿಲ್ಲ. ಎದೆಯ ಮೇಲೆ ಇತ್ತು. ಗಾಳಿಗೆ ಜಾರಿತ್ತೋ, ನಿದ್ದೆಯಲ್ಲಿ ನಾನೇ ಎಳೆದಿದ್ದೆನೋ, ಅವಳು ಬಂದು ಎಬ್ಬಿಸಲು ನೋಡಿದ್ದಳೋ, ನನಗೆ ಗೊತ್ತಿಲ್ಲ.